ವಾಚ್ 96 ಅಂತಿದೆ, ಎದೆ ಬೇರೇನೋ ಹೇಳ್ತಿದೆ

ಜಗಲಿ ಮೇಷ್ಟ್ರು:
ನಾನು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು, ವಯಸ್ಸು 41. ಮಕ್ಕಳಿಗೆ ಕ್ವೀನ್ಸ್ ಕಾಲೇಜ್ ಸ್ಟೆಪ್ ಟೆಸ್ಟ್ (ಮೆಟ್ಟಿಲು ಹತ್ತಿ ಇಳಿದ ಮೇಲೆ ನಾಡಿ ಎಣಿಸಿ ದಮ್ಮು ಅಳೆಯೋದು) ಮಾಡಿಸೋಣ ಅಂತ ಮೊದಲು ನನ್ನ ಮೇಲೇ ಪ್ರಯೋಗ ಮಾಡಿಕೊಂಡೆ. 41.3 ಸೆಂ.ಮೀ. ಎತ್ತರದ ಮೆಟ್ಟಿಲು ಬೇಕು. ಟೇಪು ಹಿಡಿದು ಶಾಲೆಯೆಲ್ಲಾ ಸುತ್ತಿದೆ. ಸರಿಯಾಗಿ ಸಿಕ್ಕಿದ್ದು ಧ್ವಜಕಟ್ಟೆ! ಅದರ ಮೇಲೆ ಹತ್ತಿ ಇಳಿದರೆ ಊರವರು ಸುಮ್ನೆ ಬಿಡ್ತಾರಾ? ಕೊನೆಗೆ ಬಿಸಿಯೂಟದ ಕೋಣೆಯ ಜಗಲಿ 41 ಬಂತು, ಸಾಕು ಅಂದುಕೊಂಡೆ.

ನಿಮಿಷಕ್ಕೆ 24 ಸಲ ಹತ್ತಿ ಇಳಿಯೋದು, ಮೂರು ನಿಮಿಷ. ಮುಗಿಯೋ ಹೊತ್ತಿಗೆ ಏದುಸಿರು, ಅಂಗಿ ಒದ್ದೆ. ಕೈಯಲ್ಲಿದ್ದ ವಾಚ್ ನೋಡಿದರೆ ನಾಡಿ 96! ಮೂರು ನಿಮಿಷವೂ 95, 96, 97, ಅಷ್ಟೇ. ದೇಹ ಒಂದು ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಮಿ.ಲೀ. ಆಮ್ಲಜನಕ ಬಳಸಬಲ್ಲದು ಅನ್ನೋ ಸೂತ್ರಕ್ಕೆ ಹಾಕಿದೆ: 111.33ರಿಂದ 0.42 ಗುಣಿಸು 96 ಕಳೆದರೆ 71. ಇದು ಒಲಿಂಪಿಕ್ ಓಟಗಾರರ ಲೆಕ್ಕ. ನಾನು ದಿನಾ ಎರಡು ತಟ್ಟೆ ಅನ್ನ ಉಣ್ಣುವವನು. ವಾಚ್ ಕೆಟ್ಟಿದೆಯಾ?

ಟ್ರೆಡ್‌ಮಿಲ್ ಅಕ್ಕ:
ಮೇಷ್ಟ್ರೇ, ಒಂದು ಪ್ರಶ್ನೆ. ಫೋನಿನಲ್ಲಿ ಮೆಟ್ರೊನೋಮ್, ಅದೇ ಟಿಕ್ ಟಿಕ್ ತಾಳ ಹಾಕೋದು, ನಿಮಿಷಕ್ಕೆ ಎಷ್ಟಕ್ಕೆ ಇಟ್ಟಿದ್ರಿ?

ಜಗಲಿ ಮೇಷ್ಟ್ರು:
96ಕ್ಕೆ. ಒಂದು ಸುತ್ತಿಗೆ ನಾಲ್ಕು ಹೆಜ್ಜೆ, 24 ಸುತ್ತು... ಅಯ್ಯೋ.

ಟ್ರೆಡ್‌ಮಿಲ್ ಅಕ್ಕ:
ಹಾಂ, ಅದೇ. ವಾಚ್ ಎಣಿಸಿದ್ದು ನಿಮ್ಮ ಕಾಲನ್ನ, ಎದೆಯನ್ನಲ್ಲ. ಅದರ ಹಿಂದೆ ಹಸಿರು ದೀಪ ಇದೆಯಲ್ಲ, ಅದು ಚರ್ಮದ ಕೆಳಗೆ ರಕ್ತ ಏರಿ ಇಳಿಯೋದನ್ನ ನೋಡುತ್ತೆ. ನೀವು ತಾಳಕ್ಕೆ ಸರಿಯಾಗಿ ದಬದಬ ಹೆಜ್ಜೆ ಇಟ್ಟಾಗ ಕೈಯೂ ಅದೇ ತಾಳಕ್ಕೆ ಅಲುಗುತ್ತೆ. ಅದನ್ನೇ ನಾಡಿ ಅಂದುಕೊಂಡುಬಿಡುತ್ತೆ. ಬೆಲ್ಟು ಸಡಿಲ ಇದ್ದರಂತೂ ಇನ್ನೂ ಜಾಸ್ತಿ. ಶ್ರಮದಲ್ಲಿ ನಾಡಿ ಮೆಲ್ಲಗೆ ಏರಬೇಕು. ಶುರುವಿನಿಂದ ಕೊನೆವರೆಗೆ ಒಂದೇ ಸಂಖ್ಯೆ ಕಂಡರೆ ಅನುಮಾನ ಪಡಿ.

ನಾನು ವರ್ಷಗಟ್ಟಲೆ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಹೃದಯ ಪರೀಕ್ಷೆ, ಮಾಡಿಸಿದವಳು. ಅಲ್ಲಿ ಗಂಡಸರ ಎದೆಯ ಕೂದಲು ಬೋಳಿಸಿ, ಚರ್ಮ ಉಜ್ಜಿ, ಆಮೇಲೆ ತಂತಿ ಅಂಟಿಸ್ತೀವಿ. ಬೈಯಿಸಿಕೊಂಡರೂ ಬಿಡಲ್ಲ. ಎದೆಗೆ ಕಟ್ಟುವ ಪಟ್ಟಿಯೂ ಹಾಗೇ, ಹೃದಯದ ವಿದ್ಯುತ್ತನ್ನೇ ಹಿಡಿಯುತ್ತೆ. ಒಂದು ಪಟ್ಟಿ ತಗೊಳ್ಳಿ. ಇಲ್ಲಾಂದ್ರೆ ಬೆರಳಿದೆಯಲ್ಲ. ನಿಂತ 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ಎಣಿಸಿ ನಾಲ್ಕರಿಂದ ಗುಣಿಸಿ. ಹೆಬ್ಬೆರಳು ಬೇಡ, ಅದಕ್ಕೆ ತನ್ನದೇ ನಾಡಿ ಇದೆ.

ತುಮಕೂರು ರಸ್ತೆ:
ನನಗೂ ಹೀಗೇ ಆಗಿತ್ತು. ಬೆಳಗ್ಗೆ ನಿಧಾನಕ್ಕೆ ಓಡುವಾಗ 172 ತೋರಿಸಿ ಹೆದರಿಸಿತ್ತು. ಅದು ನನ್ನ ಹೆಜ್ಜೆಯ ಲೆಕ್ಕ. ಪಟ್ಟಿ ತಗೊಂಡರೆ ಒಳಬದಿ ನೀರಲ್ಲಿ ಒದ್ದೆ ಮಾಡಿ ಕಟ್ಟಿ. ಒಣಗಿದ್ದರೆ ಬೆವರು ಬರುವ ತನಕ ಹುಚ್ಚುಚ್ಚಾಗಿ ತೋರಿಸುತ್ತೆ. ಬಳಸಿದ ಮೇಲೆ ತೊಳೆಯಿರಿ, ಇಲ್ಲಾಂದ್ರೆ ಮನೆಯವರು ಹೊರಗೆ ಹಾಕ್ತಾರೆ. ಪಟ್ಟಿಯನ್ನಾ, ನಿಮ್ಮನ್ನಾ ಅಂತ ಕೇಳಬೇಡಿ. ಅಂದ ಹಾಗೆ ತಂತಿಯಿಲ್ಲದ ಈ ಪಟ್ಟಿ ಹೊಸದೇನಲ್ಲ. ಫಿನ್ಲೆಂಡಿನ ಪೋಲಾರ್ 1982ರಲ್ಲೇ ಮಾರಿತ್ತು.

ಅರ್ಧ ಮಾತ್ರೆ:
ಒಂದು ಮಾತು ಸೇರಿಸ್ತೀನಿ. ನಾನು ಬಿಪಿಗೆ ಬೀಟಾ ಬ್ಲಾಕರ್ ತಗೋತೀನಿ, ನಾಡಿ ಏರದಂತೆ ತಡೆಯೋ ಮಾತ್ರೆ. ಎಷ್ಟೇ ಹತ್ತಿದರೂ ನಾಡಿ 110 ದಾಟಲ್ಲ. ಪಟ್ಟಿಯೂ ಸರಿ, ಬೆರಳೂ ಸರಿ, ಆದರೆ ಸೂತ್ರಕ್ಕೆ ಹಾಕಿದರೆ ನಾನೂ ಒಲಿಂಪಿಕ್ಕೇ. ಗರಿಷ್ಠ ನಾಡಿಗೆ 220ರಿಂದ ವಯಸ್ಸು ಕಳೆಯೋ ಲೆಕ್ಕವೂ ನನಗೆ ಹೊಂದಲ್ಲ. ಬೇರೆ ಮೇಷ್ಟ್ರುಗಳನ್ನ ಹತ್ತಿಸೋ ಮುಂಚೆ ಏನು ಮಾತ್ರೆ ನುಂಗ್ತಾರೆ ಅಂತ ಕೇಳಿ.

ಟ್ರೆಡ್‌ಮಿಲ್ ಅಕ್ಕ:
ನಿಜ. ಇನ್ನೊಂದು: ಮಕ್ಕಳಿಗೆ ಆ ಸೂತ್ರ ಹಾಕಬೇಡಿ, ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ್ದು. ಕುಳ್ಳ ಮಕ್ಕಳಿಗೆ 41 ಸೆಂ.ಮೀ. ಜಗಲಿ ಬೆಟ್ಟ ಇದ್ದ ಹಾಗೆ, ತಗ್ಗಿನದು ಹುಡುಕಿ. ನಾಡಿ ಮಾತ್ರ ಬರೆದಿಟ್ಟು ಮೂರು ತಿಂಗಳಾದ ಮೇಲೆ ಅದೇ ಮೆಟ್ಟಿಲು, ಅದೇ ತಾಳದಲ್ಲಿ ಮತ್ತೆ ನೋಡಿ.

ಜಗಲಿ ಮೇಷ್ಟ್ರು:
ಇವತ್ತು ಮತ್ತೆ ಹತ್ತಿದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಮಣಿಕಟ್ಟು ಹಿಡಿದು ಕಣ್ಣು ಮುಚ್ಚಿ ಎಣಿಸಿದಳು. "39 ಸಾರ್." ಅಂದರೆ 156. ಲೆಕ್ಕ ಹಾಕಿದರೆ 45.8. ಅಷ್ಟೊತ್ತಿಗೂ ವಾಚ್ 96 ಅಂತಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ತಾನಾಗೇ 130ಕ್ಕೆ ಜಿಗಿಯಿತು!

ಮಕ್ಕಳನ್ನ ಜೋಡಿ ಮಾಡ್ತೀನಿ, ಒಬ್ಬರು ಹತ್ತೋದು, ಒಬ್ಬರು ಎಣಿಸೋದು. ಒಂದು ಬಡಿತ ತಪ್ಪಿದರೆ ನಾಲ್ಕು ತಪ್ಪುತ್ತೆ, ಅದಕ್ಕೆ ಮೊದಲು ಒಂದು ವಾರ ಕೂತಲ್ಲೇ ನಾಡಿ ಹಿಡಿಯೋದು ಅಭ್ಯಾಸ.

ಹೆಡ್‌ಮಾಸ್ಟರಿಗೆ ಆ 71ರ ವಿಷಯ ಹೇಳಿಬಿಟ್ಟಿದ್ದೆ. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದ್ದಾರೆ. ಅದನ್ನ ಇಳಿಸೋ ಧೈರ್ಯ ಇನ್ನೂ ಬಂದಿಲ್ಲ.