ಅಮೆರಿಕದ ಜ್ಯೂರಿ ವಿಚಾರಣೆ: ಸಾಕ್ಷಿಗೆ ವಕೀಲರು ಮೊದಲೇ ಅಭ್ಯಾಸ ಮಾಡಿಸಬಹುದೇ?

ತುಂಗಾತೀರ:
ವಯಸ್ಸಿನ ಕಾರಣಕ್ಕೆ ತಮ್ಮನ್ನು ಕೆಲಸದಿಂದ ತೆಗೆದರೆಂದು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ನ್ಯೂಜೆರ್ಸಿಯ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ್ದು, ನಾನು ಅವರ ಪರ ಸಾಕ್ಷಿ. ವಿಚಾರಣೆಗೆ ಮೊದಲು ತಾವೇ ಎದುರು ಪಕ್ಷದವರಂತೆ ಪಾಟೀಸವಾಲು ಹಾಕಿ ಅಭ್ಯಾಸ ಮಾಡಿಸುವುದಾಗಿ ಅವರ ವಕೀಲರು ಹೇಳಿದ್ದಾರೆ. ಹೇಳಿಕೊಟ್ಟ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂದು ಕೇಳುತ್ತಲೇ ಬೆಳೆದ ನನಗೆ ಇದರಿಂದ ಕಸಿವಿಸಿಯಾಗಿದೆ. ತೀರ್ಪು ನೀಡುವ ಸಾಮಾನ್ಯ ನಾಗರಿಕರ ಗುಂಪಾದ ಜ್ಯೂರಿಯನ್ನೂ ವಕೀಲರು ತಮಗೆ ಬೇಕಾದಂತೆ ಆರಿಸಿಕೊಳ್ಳುತ್ತಾರೆಯೇ?

ಕಡಲಾಚೆಯ ವಕೀಲ:
ಅಭ್ಯಾಸ ಮಾಡಿಸದೆ ಸಾಕ್ಷಿಯನ್ನು ಕಟಕಟೆಗೆ ಹತ್ತಿಸುವ ವಕೀಲರನ್ನೇ ಇಲ್ಲಿ ಬೇಜವಾಬ್ದಾರರೆನ್ನುತ್ತಾರೆ. ಇಲ್ಲಿನ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ 2023ರಲ್ಲಿ ನೀಡಿದ 508ನೇ ಅಭಿಪ್ರಾಯದ ಪ್ರಕಾರ, ದಾಖಲೆ ತೋರಿಸಿ ನೆನಪು ಮರುಕಳಿಸುವಂತೆ ಮಾಡಬಹುದು, ಬರಬಹುದಾದ ಪ್ರಶ್ನೆಗಳನ್ನು ಕೇಳಿ ನೋಡಬಹುದು, ಪದಗಳ ಆಯ್ಕೆಯನ್ನೂ ಸೂಚಿಸಬಹುದು. ಸುಳ್ಳು ಹೇಳಿಸುವುದು ಮತ್ತು ಸಾಕ್ಷ್ಯ ನಡೆಯುವಾಗ ಸನ್ನೆ ಮಾಡುವುದು ಮಾತ್ರ ಕೂಡದು.

ಆದರೆ ನೀವು ಆ ವಕೀಲರ ಕಕ್ಷಿದಾರರಲ್ಲವಾದ್ದರಿಂದ, ನಿಮ್ಮಿಬ್ಬರ ಮಾತುಕತೆಗೆ ಸಾಮಾನ್ಯವಾಗಿ ಗೋಪ್ಯತೆಯ ರಕ್ಷಣೆ ಇರುವುದಿಲ್ಲ. "ವಕೀಲರನ್ನು ಭೇಟಿಯಾಗಿದ್ದಿರಾ, ಏನು ಮಾತನಾಡಿದಿರಿ?" ಎಂದು ಎದುರು ಪಕ್ಷದವರು ಕೇಳಿಯೇ ಕೇಳುತ್ತಾರೆ, ಮುಚ್ಚಿಡದೆ ನಡೆದದ್ದನ್ನು ಹೇಳಿಬಿಡಿ. ಡಿಪೊಸಿಷನ್‌ನಲ್ಲಿ (ವಿಚಾರಣೆಗೆ ಮೊದಲೇ, ನ್ಯಾಯಾಲಯದ ಹೊರಗೆ ಪ್ರಮಾಣ ಮಾಡಿಸಿ ಸಾಕ್ಷ್ಯ ದಾಖಲಿಸುವ ಕ್ರಮ) ಹೇಳಿಕೆ ಕೊಟ್ಟಿದ್ದರೆ ಅದರ ಪ್ರತಿಯನ್ನು ಸಾಲುಸಾಲಾಗಿ ಓದಿಕೊಳ್ಳಿ, ಏಕೆಂದರೆ ಅದಕ್ಕೂ ಕಟಕಟೆಯ ಮಾತಿಗೂ ಹೊಂದದಿದ್ದರೆ ಅದನ್ನೇ ಜ್ಯೂರಿಯ ಮುಂದೆ ಓದಿ ತೋರಿಸುತ್ತಾರೆ. ನಮ್ಮವರಿಗೆ ಇನ್ನೊಂದು ತೊಡಕಿದೆ: ಪ್ರಶ್ನೆ ಮುಗಿಯುವ ಮುನ್ನವೇ ತಲೆಯಾಡಿಸುತ್ತಾ "ಓಕೆ, ಓಕೆ" ಎನ್ನುತ್ತೇವೆ. ಕೇಳಿಸಿಕೊಳ್ಳುತ್ತಿದ್ದೇನೆ ಎಂಬುದಷ್ಟೇ ನಮ್ಮ ಭಾವ, ಆದರೆ ದಾಖಲೆಯಲ್ಲಿ ಅದು ಒಪ್ಪಿಗೆಯಂತೆ ಕಾಣುತ್ತದೆ.

ಇನ್ನು ಜ್ಯೂರಿಯ ವಿಷಯ. ವಕೀಲರು ಆರಿಸಿಕೊಳ್ಳುವುದಿಲ್ಲ, ಬೇಡದವರನ್ನು ಕೈಬಿಡಿಸುತ್ತಾರೆ. ಪಕ್ಷಪಾತದಂಥ ಸಕಾರಣ ತೋರಿಸಿ ಎಷ್ಟು ಜನರ ಬಗ್ಗೆಯಾದರೂ ಆಕ್ಷೇಪಿಸಬಹುದು. ಕಾರಣ ಹೇಳದೆ ತೆಗೆಸಲು ಫೆಡರಲ್ ಸಿವಿಲ್ ದಾವೆಯಲ್ಲಿ ಸಾಮಾನ್ಯವಾಗಿ ಪ್ರತಿ ಪಕ್ಷಕ್ಕೆ 3 ಅವಕಾಶಗಳಿವೆ. ಜನಾಂಗದ ಆಧಾರದಲ್ಲಿ ಹಾಗೆ ತೆಗೆಯಬಾರದೆಂದು ಸುಪ್ರೀಂ ಕೋರ್ಟ್ 1986ರ ಬ್ಯಾಟ್ಸನ್ ಪ್ರಕರಣದಲ್ಲಿ ಹೇಳಿ, 1991ರಲ್ಲಿ ಸಿವಿಲ್ ದಾವೆಗಳಿಗೂ ಅನ್ವಯಿಸಿತು. ಆಯ್ಕೆಯ ವೇಳೆ ಜ್ಯೂರಿಗೆ ಕರೆಬಂದವರನ್ನು "ನಿಷ್ಪಕ್ಷಪಾತವಾಗಿರುತ್ತೀರಾ?" ಎಂದು ಕೇಳುವ ಎಳೆಯ ವಕೀಲರನ್ನು ಕಂಡರೆ ನನಗೆ ಬೇಸರ, ಇಲ್ಲವೆನ್ನುವವರು ಯಾರು? "ನಿಮ್ಮ ಮನೆಯವರು ಯಾರಾದರೂ ಕೆಲಸ ಕಳೆದುಕೊಂಡಿದ್ದರೇ, ಆಗ ನಿಮಗೇನನ್ನಿಸಿತು?" ಎಂದು ಕೇಳಿದರೆ ಜನ ಬಾಯಿ ಬಿಡುತ್ತಾರೆ.

ಕಬ್ಬನ್ ಪಾರ್ಕ್ ಪಕ್ಕ:
ಬೆಂಗಳೂರಿನಲ್ಲಿ ವಕೀಲಿಕೆ ಮಾಡುವವನಾಗಿ ಒಂದು ಮಾತು. ನಮ್ಮ ಸಿವಿಲ್ ದಾವೆಗಳಲ್ಲಿ 2002ರ ತಿದ್ದುಪಡಿಯ ನಂತರ ಮುಖ್ಯ ವಿಚಾರಣೆಯೇ (ಸಾಕ್ಷಿ ತನ್ನನ್ನು ಕರೆಸಿದ ಪಕ್ಷಕ್ಕಾಗಿ ಮೊದಲು ಹೇಳುವ ಸಾಕ್ಷ್ಯ) ಪ್ರಮಾಣಪತ್ರದ ರೂಪದಲ್ಲಿದ್ದು, ಅದು ಬಹುಪಾಲು ವಕೀಲರ ಕಚೇರಿಯಲ್ಲೇ ಸಿದ್ಧವಾಗುತ್ತದೆ. ಹಾಗಾಗಿ ನಮ್ಮ ಮಡಿವಂತಿಕೆಯನ್ನು ಅತಿಯಾಗಿ ನಂಬಬೇಡಿ. ನಿಜವಾಗಿ ಬಿಗಿ ಇರುವುದು ಇಂಗ್ಲೆಂಡಿನಲ್ಲಿ: ಅಲ್ಲಿ 2005ರ ಮೊಮೊಡು ತೀರ್ಪಿನಂತೆ ನ್ಯಾಯಾಲಯದ ಕ್ರಮವನ್ನು ಸಾಕ್ಷಿಗೆ ಪರಿಚಯಿಸಬಹುದೇ ಹೊರತು, ಅವರು ಹೇಳಲಿರುವ ಸಾಕ್ಷ್ಯವನ್ನು ತಾಲೀಮು ಮಾಡಿಸುವಂತಿಲ್ಲ.

ತುಂಗಾತೀರ:
ಧನ್ಯವಾದಗಳು. ಕನ್ನಡ ದುಭಾಷಿಯನ್ನು ಕೇಳಬಹುದೇ?

ಕಡಲಾಚೆಯ ವಕೀಲ:
ಕೇಳಬಹುದು, ತೀರ್ಮಾನ ನ್ಯಾಯಾಧೀಶರದು. ಆದರೆ ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲೇ ವ್ಯವಹರಿಸಿದವರು ಕಟಕಟೆಯಲ್ಲಿ ದುಭಾಷಿಯನ್ನು ಬಯಸಿದರೆ, ಯೋಚಿಸಲು ಸಮಯ ಕದಿಯುತ್ತಿದ್ದಾರೆಂಬ ಅನುಮಾನ ಜ್ಯೂರಿಗೆ ಬರಬಹುದು. ಬೇಕೆನಿಸಿದರೆ ವಕೀಲರಿಗೆ ಈಗಲೇ ತಿಳಿಸಿ.