ನೀರಲ್ಲಿ ತಿರುಗೋ ಸಾಣೆ ಮಷಿನ್: ಮೋಟಾರ್ ಗುಂಯ್ ಅನ್ನುತ್ತೆ, ಕಲ್ಲು ತಿರುಗಲ್ಲ

ಉಳಿಮೊನೆ:
ಎಲ್ರಿಗೂ ನಮಸ್ಕಾರ. ಉಳಿ, ಪ್ಲೇನ್ ಬ್ಲೇಡು ಸಾಣೆ ಹಿಡಿಯೋಕೆ ಇಟ್ಕೊಂಡಿರೋ ಮಷಿನ್ ಕೈಕೊಟ್ಟಿದೆ. ನಿಧಾನಕ್ಕೆ ತಿರುಗೋ ಥರದ್ದು, ಕಲ್ಲಿನ ಕೆಳಗೆ ನೀರಿನ ತೊಟ್ಟಿ, ಮೋಟಾರ್ ಶಾಫ್ಟು ರಬ್ಬರ್ ಅಂಚಿನ ದೊಡ್ಡ ಚಕ್ರಕ್ಕೆ ಒತ್ಕೊಂಡು ಅದನ್ನ ತಿರುಗಿಸುತ್ತೆ. ಈಗ ಸ್ವಿಚ್ ಹಾಕಿದ್ರೆ ಗುಂಯ್ ಅಂತ ಸದ್ದು ಅಷ್ಟೇ, ಕಲ್ಲು ಅಲ್ಲಾಡಲ್ಲ. ಕೈಯಲ್ಲಿ ಸ್ವಲ್ಪ ತಳ್ಳಿದ್ರೆ ಹೊರಡುತ್ತೆ, ಮಜಾ ಏನಂದ್ರೆ ಹಿಂದಕ್ಕೆ ತಳ್ಳಿದ್ರೆ ಹಿಂದಕ್ಕೇ ತಿರುಗುತ್ತೆ! ಹೊರಟ ಮೇಲೂ ಉಳಿ ಒತ್ತಿದ್ರೆ ನಿಂತೋಗುತ್ತೆ, ಸ್ವಲ್ಪ ಹೊತ್ತಲ್ಲೇ ಮೋಟಾರ್ ಮುಟ್ಟೋಕಾಗಲ್ಲ ಅಷ್ಟು ಬಿಸಿ. ಸುಟ್ಟ ವಾಸನೆ ಬಂದಿಲ್ಲ. ವೈಂಡಿಂಗ್ (ಒಳಗಿನ ತಾಮ್ರದ ತಂತಿ ಸುರುಳಿ) ಹೋಗಿದ್ಯಾ, ರಿವೈಂಡ್ ಮಾಡಿಸ್ಬೇಕಾ, ಅಂದ್ರೆ ಹೊಸದಾಗಿ ಸುತ್ತಿಸ್ಬೇಕಾ?

ತಾಮ್ರದತಂತಿ:
ರಿವೈಂಡಿಂಗ್ ವರೆಗೆ ಈಗಲೇ ಹೋಗ್ಬೇಡಿ ಸಾರ್. ಯಾವ ಕಡೆ ತಳ್ಳಿದ್ರೆ ಆ ಕಡೆ ತಿರುಗುತ್ತೆ ಅಂತ ಬರೆದ್ರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಸಿಂಗಲ್ ಫೇಸ್ ಮೋಟಾರಲ್ಲಿ ಮೇನ್ ವೈಂಡಿಂಗ್ ಒಂದೇ ಇದ್ರೆ ನಿಂತ ರೋಟರನ್ನ (ಒಳಗೆ ತಿರುಗೋ ಭಾಗ) ಎಬ್ಬಿಸೋ ಶಕ್ತಿ ಹುಟ್ಟಲ್ಲ, ಅದಕ್ಕೇ ಇನ್ನೊಂದು ವೈಂಡಿಂಗ್ ಇಟ್ಟು ಕೆಪಾಸಿಟರ್ ಮೂಲಕ ಕರೆಂಟನ್ನ ಸ್ವಲ್ಪ ಮುಂದಕ್ಕೆ ತಳ್ಳಿ ಕೊಡ್ತಾರೆ, ಯಾವ ದಿಕ್ಕಿಗೆ ತಿರುಗ್ಬೇಕು ಅನ್ನೋದನ್ನೂ ಅದೇ ತೀರ್ಮಾನ ಮಾಡೋದು. ನಿಮ್ಮಲ್ಲಿ ಆ ಎರಡನೇ ದಾರಿ ಕಟ್ ಆಗಿದೆ ಇಲ್ಲಾ ಸೋತಿದೆ. ಹೆಚ್ಚಾಗಿ ಕೆಪಾಸಿಟರೇ, ಆದ್ರೆ ಬಿಟ್ಟೋಗಿರೋ ವೈರ್ ಅಥವಾ ತುಕ್ಕು ಹಿಡಿದ ಲಗ್ (ವೈರ್ ತುದಿಯ ಲೋಹದ ಕ್ಲಿಪ್) ಕೂಡ ಇರ್ಬಹುದು, ನೀರಿನ ಪಕ್ಕ ಕೂತಿರೋ ಮಷಿನ್ ತಾನೇ.

ಪ್ಲಗ್ ಕಿತ್ತು, ಕೆಪಾಸಿಟರ್‌ನ ಎರಡು ತುದಿಗೆ ರೆಸಿಸ್ಟರ್ ಹಿಡಿದು ಡಿಸ್ಚಾರ್ಜ್ ಮಾಡಿ ಆಮೇಲೆ ಮುಟ್ಟಿ, ಸ್ಕ್ರೂಡ್ರೈವರ್ ಇಟ್ಟು ಚಟಕ್ ಅನ್ಸೋ ಅಭ್ಯಾಸ ಬೇಡ. ಒಂದು ವೈರ್ ಬಿಚ್ಚಿ ಮೀಟರಿನ ಕೆಪಾಸಿಟೆನ್ಸ್ ರೇಂಜಲ್ಲಿ ಅಳೆಯಿರಿ. ಮೈಮೇಲೆ ಬರೆದಿರೋದಕ್ಕಿಂತ ನೂರಕ್ಕೆ 5 ಅಥವಾ 10 ಆಚೀಚೆ ಅಂತ ಅಲ್ಲೇ ಹಾಕಿರ್ತಾರೆ, ಅದರ ಒಳಗಿದ್ರೆ ಸರಿ. ಹೊರಗೆ ಊದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ, ನೋಡೋಕೆ ಹೊಸದರ ಥರ ಇದ್ದೂ ಸತ್ತಿರ್ತವೆ.

ಇನ್ನೊಂದು, ಗುಂಯ್ ಅಂತ ನಿಂತಿರೋ ಮೋಟಾರಿಗೆ ಕರೆಂಟ್ ಕೊಟ್ಟು ನೋಡ್ತಾ ಕೂರ್ಬೇಡಿ, ಆ ಹೊತ್ತಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೀತಿರುತ್ತೆ, ಚೆನ್ನಾಗಿರೋ ವೈಂಡಿಂಗ್ ಸುಡೋದು ಆಗಲೇ.

ಗರಗರ:
ಕೆಪಾಸಿಟರ್ ಹೇಗೂ ಬದಲಾಯಿಸ್ತೀರಲ್ಲ, ಸ್ವಲ್ಪ ದೊಡ್ಡದೇ ಹಾಕ್ಬಿಡಿ ಬ್ರೋ. 12 ಮೈಕ್ರೋಫ್ಯಾರಡ್ ಇದ್ರೆ 20 ಹಾಕಿ, ಒತ್ತಿದ್ರೂ ನಿಲ್ಲಲ್ಲ.

ಬೇರಿಂಗಪ್ಪ:
ಗರಗರ ಅವ್ರೇ ದಯವಿಟ್ಟು ಇದನ್ನ ಯಾರಿಗೂ ಹೇಳ್ಬೇಡಿ. ಹೊರಡೋವಾಗ ಜೋರು ಅನ್ಸುತ್ತೆ ನಿಜ, ಆದ್ರೆ ಈ ಥರದ ಮೋಟಾರಲ್ಲಿ ಕೆಪಾಸಿಟರ್ ಓಡೋವಷ್ಟು ಹೊತ್ತೂ ಸರ್ಕ್ಯೂಟಲ್ಲೇ ಇರುತ್ತೆ, ದೊಡ್ಡದು ಹಾಕಿದ್ರೆ ಎರಡನೇ ವೈಂಡಿಂಗಲ್ಲಿ ಕರೆಂಟ್ ಜಾಸ್ತಿಯಾಗಿ ಲೋಡ್ ಇಲ್ದೇನೂ ಬಿಸಿ ಆಗುತ್ತೆ. ಎಷ್ಟು ಮೈಕ್ರೋಫ್ಯಾರಡ್ ಇತ್ತೋ ಅಷ್ಟೇ ಇರ್ಲಿ, ವೋಲ್ಟೇಜ್ ಮಾತ್ರ ಕಮ್ಮಿ ಆಗ್ಬಾರ್ದು. 230ರ ಮೋಟಾರಿಗೆ 400, 450 ವೋಲ್ಟಿನದ್ದು ಯಾಕೆ ಅಂತ ಕೇಳ್ತಾರೆ, ಓಡೋವಾಗ ಕೆಪಾಸಿಟರ್ ಮೇಲೆ ಲೈನಿಗಿಂತ ಜಾಸ್ತಿ ವೋಲ್ಟೇಜ್ ಬೀಳುತ್ತೆ ಅದಕ್ಕೆ. ಸ್ಟಾರ್ಟ್ ಕೆಪಾಸಿಟರ್ ಅಂತ ಕಪ್ಪು ಡಬ್ಬಿಯಲ್ಲಿ ಬರೋದನ್ನ ಇಲ್ಲಿ ಹಾಕ್ಲೇಬೇಡಿ, ಅದು ಕೆಲವೇ ಸೆಕೆಂಡ್ ಕೆಲಸಕ್ಕೆ ಮಾಡಿರೋದು, ಓಡ್ತಾನೇ ಇದ್ರೆ ಒಡೆಯುತ್ತೆ.

ಉಳಿಮೊನೆ ಅವ್ರೇ, ಮೊದಲು ಕಲ್ಲು ಬಿಚ್ಚಿ ಪಕ್ಕಕ್ಕಿಟ್ಟು, ಮೋಟಾರನ್ನ ರಬ್ಬರ್ ಚಕ್ರದಿಂದ ಬಿಡಿಸಿ. ಪ್ಲಗ್ ಕಿತ್ತಿರೋವಾಗಲೇ ಮೋಟಾರ್ ಶಾಫ್ಟನ್ನ ಬೆರಳಲ್ಲಿ ತಿರುಗಿಸಿ, ಆಮೇಲೆ ಕಲ್ಲಿನ ಶಾಫ್ಟನ್ನ ಬೇರೆಯಾಗಿ ತಿರುಗಿಸಿ. ಎರಡರಲ್ಲಿ ಯಾವುದು ಬಿಗಿ ಅಂತ ಕೈಗೇ ಗೊತ್ತಾಗುತ್ತೆ. ನಿಮ್ದು ಒತ್ತಿದ್ರೆ ನಿಲ್ಲೋದಕ್ಕೆ ಕೆಪಾಸಿಟರ್ ಒಂದೇ ಕಾರಣ ಅಂತ ನಂಗೆ ಅನ್ಸ್ತಿಲ್ಲ.

ಉಳಿಮೊನೆ:
ಇಬ್ರಿಗೂ ಥ್ಯಾಂಕ್ಸ್. ಬಿಚ್ಚಿ ನೋಡ್ದೆ. ಕೆಪಾಸಿಟರ್ ಮೇಲೆ 12 ಅಂತಿದೆ, ಮೀಟರಲ್ಲಿ 4 ಕೂಡ ಬರ್ತಿಲ್ಲ. ಎರಡು ವೈಂಡಿಂಗಲ್ಲೂ ಓಮ್ಸ್ ತೋರಿಸ್ತಿದೆ, ಅಂದ್ರೆ ತಂತಿ ಕಟ್ ಆಗಿಲ್ಲ, ವೈಂಡಿಂಗಿಗೂ ಮೋಟಾರಿನ ಲೋಹದ ಬಾಡಿಗೂ ನಡುವೆ ಏನೂ ತೋರಿಸ್ತಿಲ್ಲ. ಅಷ್ಟೇ ಮೌಲ್ಯದ್ದು ಹೊಸದು ಹಾಕಿದ್ಮೇಲೆ ಬರೀ ಮೋಟಾರ್ ಸರ್ರಂತ ಎದ್ದು ಓಡುತ್ತೆ. ಆದ್ರೆ ಕಲ್ಲು ಹಾಕಿ ಜೋಡಿಸಿದ್ರೆ ಹೊರಡುತ್ತೆ, ಎಳೆದಾಡ್ಕೊಂಡು ತಿರುಗುತ್ತೆ, ಬಿಸಿ ಹಾಗೇ ಇದೆ. ಕಲ್ಲಿನ ಶಾಫ್ಟನ್ನ ಕೈಯಲ್ಲಿ ತಿರುಗಿಸೋಕೂ ಬಲ ಹಾಕ್ಬೇಕು.

ಬೇರಿಂಗಪ್ಪ:
ಸಿಕ್ತು ನೋಡಿ. ಕಲ್ಲಿನ ಶಾಫ್ಟು ನೈಲಾನ್ ಬುಶ್‌ನಲ್ಲಿ (ಶಾಫ್ಟು ಒಳಗೆ ತಿರುಗೋ ಬಳೆ) ಕೂತಿದ್ರೆ, ತೊಟ್ಟಿಯಿಂದ ಸಿಡಿಯೋ ನೀರು ಒಳಗೆ ಇಳಿದು ಶಾಫ್ಟು ತುಕ್ಕು ಹಿಡಿಯುತ್ತೆ, ತುಕ್ಕು ಉಬ್ಬಿ ಬುಶ್ ಒಳಗೆ ಜಾಗ ಇಲ್ಲದಂಗೆ ಮಾಡುತ್ತೆ, ಜೊತೆಗೆ ಕಲ್ಲಿನ ಪುಡಿ. ಶಾಫ್ಟು ಆಚೆ ತೆಗೆದು ನಯವಾದ ಎಮರಿ ಪೇಪರಲ್ಲಿ ಸುತ್ತ ಉಜ್ಜಿ, ಬುಶ್ ಒಳಗೆ ಒರೆಸಿ, ನೀರು ತಡೆಯೋ ಗ್ರೀಸ್ ಹಚ್ಚಿ. ಗ್ರೀಸ್ ರಬ್ಬರ್ ಅಂಚಿಗೆ ಮಾತ್ರ ತಾಗ್ಬಾರ್ದು, ತಾಗಿದ್ರೆ ಮೋಟಾರ್ ಓಡುತ್ತೆ ಕಲ್ಲು ಜಾರುತ್ತೆ, ಆಗ ಇನ್ನೊಂದು ಪ್ರಶ್ನೆ ಹಾಕ್ಬೇಕಾಗುತ್ತೆ ನೀವು :) ರಬ್ಬರ್ ಹೊಳೀತಿದ್ರೆ ಸ್ವಲ್ಪ ತರಿ ಮಾಡಿ.

ಕೆಲಸ ಮುಗಿದ ಮೇಲೆ ತೊಟ್ಟಿ ಖಾಲಿ ಮಾಡಿ. ಕಲ್ಲು ಒಂದೇ ಕಡೆ ನೀರಲ್ಲಿ ಮುಳುಗಿ ನಿಂತ್ರೆ ಆ ಭಾಗ ನೀರು ಕುಡಿದು ಭಾರ ಆಗಿ ಮುಂದಿನ ಸಲ ಕುಲುಕುತ್ತೆ.

ಚಕ್ರಪಾಣಿ_ಅಲ್ಲ:
ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಒಣ ಬೆಂಚ್ ಗ್ರೈಂಡರ್, 2850 ಆರ್‌ಪಿಎಂ. ಅದೂ ಹೀಗೇ ಗುಂಯ್ ಅನ್ನುತ್ತೆ, ಇದೇ ಥರ ತಳ್ಳಿ ನೋಡ್ಲಾ?

ತಾಮ್ರದತಂತಿ:
ಬೇಡವೇ ಬೇಡ! ಆ ವೇಗಕ್ಕೆ ಎದ್ರೆ ಬೆರಳು ಹೋಗುತ್ತೆ. ಕಲ್ಲು ಬಿಚ್ಚಿ ಪರೀಕ್ಷೆ ಮಾಡಿ. ಕೆಲವು ಗ್ರೈಂಡರಲ್ಲಿ ಒಳಗೆ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತೆ, ವೇಗ ಮುಕ್ಕಾಲು ದಾಟಿದಾಗ ಟಕ್ ಅಂತ ಎರಡನೇ ವೈಂಡಿಂಗಿನ ಕನೆಕ್ಷನ್ ಬಿಡಿಸುತ್ತೆ, ಆಫ್ ಮಾಡಿ ನಿಲ್ಲೋವಾಗ ಮತ್ತೆ ಟಕ್ ಅನ್ಬೇಕು. ಆ ಎರಡನೇ ಟಕ್ ಕೇಳ್ಲಿಲ್ಲ ಅಂದ್ರೆ ಪುಡಿ ತುಂಬಿ ಸಿಕ್ಕಾಕೊಂಡಿದೆ ಅಂತ, ಮುಂದಿನ ಸಲ ಹೊರಡಲ್ಲ. ಕಲ್ಲು ವಾಪಸ್ ಹಾಕೋ ಮುಂಚೆ ಮರದ ಹಿಡಿಯಲ್ಲಿ ಮೆಲ್ಲಗೆ ತಟ್ಟಿ, ಠಣ್ ಅನ್ನದೆ ಬೊದ್ದು ಸದ್ದು ಬಂದ್ರೆ ಬಿರುಕು, ಹಾಕ್ಬೇಡಿ. ನಿಮ್ದಕ್ಕೆ ಬೇರೆ ಥ್ರೆಡ್ ಹಾಕಿ, ಮೋಟಾರಿನ ವಿವರ ಬರೆದಿರೋ ಪ್ಲೇಟಿನ ಫೋಟೋ ಸಮೇತ.

ಉಳಿಮೊನೆ:
ಶಾಫ್ಟಲ್ಲಿ ತುಕ್ಕು ಭರ್ಜರಿ ಇತ್ತು. ಉಜ್ಜಿ ಗ್ರೀಸ್ ಹಾಕ್ದೆ, ಈಗ ಬೆರಳಲ್ಲಿ ತಿರುಗುತ್ತೆ, ಉಳಿ ಒತ್ತಿದ್ರೂ ನಿಲ್ತಿಲ್ಲ. ಬಿಸಿ ಆಗುತ್ತೆ ಆದ್ರೆ ಕೈ ಇಡಬಹುದು. ಪ್ಲೇಟಲ್ಲಿ ಎಸ್2, 30 ಮಿನಿಟ್ ಅಂತಿದೆ, ಅದೇನು?

ಬೇರಿಂಗಪ್ಪ:
ಪೂರ್ತಿ ಲೋಡಲ್ಲಿ ಒಂದು ಸಲಕ್ಕೆ ಅರ್ಧ ಗಂಟೆ ಓಡ್ಸಿ, ಆಮೇಲೆ ಪೂರ್ತಿ ತಣ್ಣಗಾಗೋಕೆ ಬಿಡಿ ಅಂತ. ಬ್ಲೇಡು ರಾಶಿ ಇದ್ರೆ ಅಷ್ಟೊತ್ತು ಚರ್ಮದ ಪಟ್ಟಿಯಲ್ಲಿ ಪಾಲಿಶ್ ಮಾಡ್ಕೊಳ್ಳಿ.