ಅಪ್‌ಡೇಟ್: ಯಂತ್ರದಲ್ಲಿ 2:00, ಚಂದ್ರಗಿರಿ ಹೊಳೆಯಲ್ಲಿ 2:24

ರೋಯಿಂಗ್ ಯಂತ್ರದಲ್ಲಿ 500 ಮೀಟರಿಗೆ ಎರಡು ನಿಮಿಷ ತೆಗೆದುಕೊಳ್ಳುವ ನನಗೆ ಸಿಂಗಲ್ ಸ್ಕಲ್ ದೋಣಿಯಲ್ಲಿ (ಒಬ್ಬರೇ ಎರಡು ಹುಟ್ಟು ಹಾಕುವ ದೋಣಿ) ಅಷ್ಟೇ ದೂರಕ್ಕೆ 2:35 ಏಕೆ ಬೇಕಾಗುತ್ತದೆ ಎಂದು ಹಿಂದೆ ನಿಮ್ಮನ್ನು ಕೇಳಿದ್ದೆ. ಈಗ 2:24ಕ್ಕೆ ಇಳಿದಿದೆ.

ಮೊದಲು ಅಳತೆಯ ವಿಷಯ. ಕಾಸರಗೋಡಿನ ಚೆಮ್ನಾಡಿನ ಬಳಿ ಚಂದ್ರಗಿರಿ ಹೊಳೆಗೆ ಕಡಲಿನ ಉಬ್ಬರವಿಳಿತ ತಾಗುತ್ತದೆ. ಇಳಿತದಲ್ಲಿ ಅಳಿವೆಯ ಕಡೆಗೆ ಹುಟ್ಟು ಹಾಕಿದರೆ ಎಲ್ಲರೂ ಶೂರರೇ. ಹಾಗಾಗಿ ಎರಡು ಗುರುತುಗಳ ನಡುವೆ ಹೋಗಿ ಬಂದು ಸರಾಸರಿ ತೆಗೆಯುತ್ತೇನೆ, ಅದೂ ಕಡಲಗಾಳಿ ಏಳುವ ಮೊದಲು.

ಯಂತ್ರದ 2:00 ಎಂದರೆ ಸುಮಾರು 203 ವಾಟ್. ಬೇಕಾಗುವ ಶಕ್ತಿ ವೇಗದ ಘನದಂತೆ ಏರುವುದರಿಂದ ಶೇ 10ರಷ್ಟು ವೇಗ ಹೆಚ್ಚಿಸಲು ಶೇ 33ರಷ್ಟು ಶಕ್ತಿ ಬೇಕು. ತೋಳು ಬೆಳೆಸುವುದಕ್ಕಿಂತ ಶಕ್ತಿಯ ಸೋರಿಕೆ ತಡೆಯುವುದು ಅಗ್ಗ ಎಂದು ನೀವು ಹೇಳಿದ್ದು ಸರಿ.

ನನ್ನ ಸೋರಿಕೆ ಇದ್ದದ್ದು ಹಿಡಿತದಲ್ಲಿ, ಅಂದರೆ ಹುಟ್ಟು ನೀರನ್ನು ಹಿಡಿಯುವ ಕ್ಷಣದಲ್ಲಿ. ಹುಟ್ಟಿನ ಎಲೆ (ಅದರ ಅಗಲ ತುದಿ) ನೀರಿಗೆ ಇಳಿಯುವ ಮುನ್ನವೇ ಕಾಲು ಒತ್ತುತ್ತಿದ್ದೆ. ಒತ್ತಡವೆಲ್ಲ ದೋಣಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ, ಅದರ ಸರಪಳಿ ಸದಾ ಬಿಗಿ. ಈಗ ಸೀಟನ್ನು ನಿಧಾನವಾಗಿ ಮುಂದೆ ಜಾರಿಸಿ, ಎಲೆ ಮುಳುಗಿದ ಮೇಲೆಯೇ ಕಾಲಿಗೆ ಕೆಲಸ ಕೊಡುತ್ತೇನೆ.

ಎರಡೂ ಅಂಕಿಗಳು ಸಮವಾಗಬೇಕೆಂಬ ಹಟ ಬಿಟ್ಟಿದ್ದೇನೆ. ಯಂತ್ರವನ್ನು ಉಸಿರು ಮತ್ತು ಕಾಲಿನ ಬಲಕ್ಕೆ, ಮಳೆಗಾಲಕ್ಕೆ ಇಟ್ಟುಕೊಂಡಿದ್ದೇನೆ. ಆಗ ಕೆಂಪು ನೀರಿನ ಹೊಳೆಗೆ 14 ಕಿಲೋ ಆಸುಪಾಸಿನ ದೋಣಿ ಇಳಿಸುವುದು ಹುಚ್ಚಾಟ.